ಸಿಳ್ಳೆ ಮಲ್ಲಪ್ಪನ ಅಳಿಯ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ನನಗೆ ಆಗ ಮೂವತ್ತೈದೋ ಮೂವತ್ತಾರೋ ಇರಬೇಕು. ಮಿಲ್ಲಿನ ರಿಜಿಸ್ಟರಿನಲ್ಲಿ ಮಾತ್ರ ಮೂವತ್ತೊಂದು ಎಂದು ಬರೆಸಿದ್ದೆ. ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ಸಂಬಳಕ್ಕೆ ಆಡುವವನು ನಾನು. ನಮ್ಮಂಥವರು ವಯಸ್ಸು ಕೇಳಿದವರಿಗೆಲ್ಲ ನಿಜ ಹೇಳುತ್ತ ಹೋದರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕಾಗುತ್ತಿತ್ತು.

ಈ ಸಂಗತಿಯನ್ನು ಬರೆಯಲು ಕೂತು ಬೆಳಗಿನಿಂದ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಬಾಗಿಲು ಹಾಕಿದೆಯೋ ಇಲ್ಲವೋ ನೋಡಲು, ಉಳಿದೆರಡು ಸಲ ಸುಮ್ಮನೆ. ಕೂತಲ್ಲಿ ಕೂರದ ಪ್ರಾಣಿ ನಾನು. ‘ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟವನೆ’ ಎಂದು ನಮ್ಮವ್ವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ನನ್ನ ಊರು ಮಡಕಶಿರಾ ತಾಲ್ಲೂಕಿನಲ್ಲಿ ಗುಡಿಬಂಡೆಯ ಪಕ್ಕದ ಒಂದು ಚಿಕ್ಕ ಹಳ್ಳಿ. ಮಡಕಶಿರಾದ ಬೋರ್ಡ್ ಸ್ಕೂಲಿಗೆ ಓದಲು ಹೋದಾಗ ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು ಸಂಜೆ ಹೊತ್ತು ಚರ್ಮದ ಚೆಂಡು ತರುತ್ತಿದ್ದರು. ಓದು ಅಲ್ಲಿಗೇ ನಿಂತಿತು, ಚೆಂಡು ನಿಲ್ಲಲಿಲ್ಲ. ಮೀಸೆ ಚಿಗುರುವ ಮೊದಲೇ ನೆಂಟರೊಬ್ಬರ ಹಿಂದೆ ಬೆಂಗಳೂರಿಗೆ ಹೋಗಿ ಮಿಲ್ಲು ಸೇರಿದೆ. ನನ್ನ ಜಾಗ ಸೆಂಟರ್ ಹಾಫ್. ಎಂದರೆ ಮೈದಾನದ ನಟ್ಟನಡುವೆ ನಿಂತು, ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವವನು. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತರೆ ನಾನು ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಹದಿನೈದು ವರ್ಷ ಹಾಗೆ ಆಡಿದೆ. ನಮ್ಮಲ್ಲಿ ಹೆಚ್ಚಿನವರದು ಬರಿಗಾಲಿನ ಆಟ, ಪಾದಕ್ಕೆ ಬಟ್ಟೆ ಪಟ್ಟಿ ಸುತ್ತಿಕೊಂಡರೆ ಮುಗಿಯಿತು.

ಮಿಲ್ಲಿನಲ್ಲಿ ಆಡುವವರಿಗೆ ಒಂದು ಅನುಕೂಲವಿತ್ತು. ನಮಗೆ ಗೇಟಿನ ಹತ್ತಿರ, ಹಾಜರಿ ಬರೆಯುವ ಕಚೇರಿಯಲ್ಲಿ ಹಗುರದ ಕೆಲಸ. ಮಧ್ಯಾಹ್ನ ಮೂರಕ್ಕೆ ಬಿಟ್ಟು ಮೈದಾನಕ್ಕೆ. ತಂಡದಿಂದ ಹೆಸರು ಹೋಯಿತೋ, ಆ ಕೆಲಸವೂ ಹೋಯಿತು. ಆಮೇಲೆ ಹತ್ತಿ ಬಿಡಿಸುವ ಕೋಣೆಯೇ ಗತಿ. ಅಲ್ಲಿ ಹತ್ತಿಯ ದೂಳು ಎಷ್ಟಿರುತ್ತಿತ್ತೆಂದರೆ ಎದುರಿಗೆ ನಿಂತವನ ಮುಖ ಕಾಣದು. ನಮ್ಮ ಗೋಲ್‌ಕೀಪರ್, ನನಗಿಂತ ಗಟ್ಟಿ ಆಳು, ತಂಡದಿಂದ ಬಿದ್ದ ಮೇಲೆ ಆ ಕೋಣೆ ಸೇರಿ ಎರಡೇ ವರ್ಷದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡ. ಅವನನ್ನು ಹೊತ್ತವರಲ್ಲಿ ನಾನೂ ಒಬ್ಬ.

ಆ ಸೀಸನ್ನಿನ ಕೊನೆಯ ಆಟದಲ್ಲಿ ನನ್ನ ಬಲ ಮೊಣಕಾಲು ತಿರುಚಿಕೊಂಡಿತು. ಒಳಗೆ ಕಟಕ್ ಎಂದ ಸದ್ದು ನನಗೊಬ್ಬನಿಗೇ ಕೇಳಿಸಿತು. ಯಾರಿಗೂ ಹೇಳಲಿಲ್ಲ. ಹಲ್ಲು ಕಚ್ಚಿ ಆಟ ಮುಗಿಸಿ, ಊರಲ್ಲಿ ಮದುವೆ ಇದೆ ಎಂದು ರಜೆ ಹಾಕಿ, ಹೆಂಡತಿ ಗಂಗಮ್ಮನನ್ನು ಕರೆದುಕೊಂಡು ಹಳ್ಳಿಗೆ ಬಂದುಬಿಟ್ಟೆ. ಗಂಗಮ್ಮನಿಗೂ ಹೇಳಿದ್ದು ಸಣ್ಣ ಉಳುಕು ಎಂದೇ. ಅವ್ವ ದಿನವೂ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದಳು. ಊತ ಇಳಿಯುತ್ತಿತ್ತು, ನಾನು ಎದ್ದು ಅಡ್ಡಾಡುತ್ತಿದ್ದೆ, ಮತ್ತೆ ಊದುತ್ತಿತ್ತು.

ಹೀಗಿರುವಾಗ ಒಂದು ಕಾರ್ಡು ಬಂತು. ಬರೆದವರು ನಮ್ಮ ಮಿಲ್ಲಿನ ಆಟದ ಸೆಕ್ರೆಟರಿ ಮೊದಲಿಯಾರರು. ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವರು ಅವರೇ. ‘ರಾಯದುರ್ಗದಲ್ಲಿ ಶೀಲ್ಡಿನ ಫೈನಲ್ ಇದೆ. ಅಲ್ಲಿನ ಕ್ಲಬ್ಬಿನವರು ಒಬ್ಬ ಹಾಫ್ ಬೇಕೆಂದು ಕೇಳಿದ್ದಾರೆ. ನೀನು ಆ ಕಡೆಯೇ ಇದ್ದೀಯೆ, ಹೋಗಿ ಆಡು. ನಾನೂ ಬರುತ್ತೇನೆ. ಎದುರಾಳಿ ಬಳ್ಳಾರಿ ತಂಡದಲ್ಲಿ ಒಬ್ಬ ಒಳ್ಳೆಯ ಹುಡುಗ ಹಾಫ್ ಆಡುತ್ತಾನಂತೆ, ಅವನನ್ನು ನೋಡಬೇಕು.’ ಇಷ್ಟೇ ಬರೆದಿದ್ದರು. ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

“ಯಾಕಪ್ಪ, ಮಖ ಇಂಗಾಯ್ತು? ಕಾಗದ್ದಾಗೆ ಏನ್ ಬರ್ದವ್ರೆ?” ಎಂದಳು ಅವ್ವ.

“ಆಟ ಐತಂತೆ, ರಾಯದುರ್ಗದಾಗೆ.”

“ಈ ಕಾಲ್ನಾಗಾ? ಆಗಾಕಿಲ್ಲ ಅಂತ ಬರ್ದಾಕು.”

“ಅಂಗ್ ಬರ್ದ್ರೆ ನಾಳೀಕೆ ಹತ್ತಿ ರೂಮೇ ಗತಿ ಕಣವ್ವ” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ರಾಯದುರ್ಗದ ಕಡೆ ನನ್ನ ಹೆಂಡತಿಯ ತವರು. ಮಾವ ಮಲ್ಲಪ್ಪನವರದು ಹಿರೇಹಾಳದ ಹತ್ತಿರದ ಹಳ್ಳಿ. ಕುರಿ ಸಾಕುವವರು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಊರೂರು ತಿರುಗಿ, ರೈತರ ಬೀಳು ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತಿದ್ದರು. ಆ ವಾರ ಅವರ ಮಂದೆ ರಾಯದುರ್ಗದಿಂದ ಒಂದು ಮೈಲಿ ಆಚೆ, ಒಂದು ಹೊಲದಲ್ಲಿತ್ತು. ಅಪ್ಪನನ್ನು ನೋಡಿ ವರ್ಷವಾಗಿತ್ತಾದ್ದರಿಂದ ಗಂಗಮ್ಮನಿಗೆ ಹಬ್ಬ. ಪಾವಗಡ, ಕಲ್ಯಾಣದುರ್ಗದ ದಾರಿಯಲ್ಲಿ ಬಸ್ಸು ಬದಲಿಸುತ್ತ ಹೋದೆವು. ಇದ್ದಿಲ ಗ್ಯಾಸಿನ ಬಸ್ಸುಗಳು. ಪ್ರತಿ ದಿಣ್ಣೆಯಲ್ಲೂ ನಿಲ್ಲುವುದು, ಜನ ಇಳಿಯುವುದು, ಮತ್ತೆ ಹತ್ತುವುದು. ಕಾಲು ಚಾಚಲು ಜಾಗವಿರಲಿಲ್ಲ. ಇಳಿದರೆ ನೋವು, ಕೂತರೆ ಇನ್ನೂ ನೋವು.

ಹೊಲಕ್ಕೆ ಹೋದಾಗ ಮಾವ ಕುರಿಗಳ ನಡುವೆ ಕೋಲು ಊರಿಕೊಂಡು ನಿಂತಿದ್ದರು. ನಮ್ಮನ್ನು ದೂರದಿಂದಲೇ ಕಂಡರು. ಬೇರೆ ಯಾರಾದರೂ ಆಗಿದ್ದರೆ ಮುಖ ನೋಡುತ್ತಿದ್ದರು. ಅವರು ನೋಡಿದ್ದು ನನ್ನ ಕಾಲು.

“ಬರ್ರಿ ಅಳಿಯಂದ್ರ, ಬರ್ರಿ. ಬಲಗಾಲಿಗೆ ಏನ್ ಮಾಡ್ಕೊಂಡೀರಿ?”

“ಏನಿಲ್ಲ ಮಾವ. ಬಸ್ಸಿನಾಗೆ ಮಡಿಸ್ಕೊಂಡು ಕುಂತಿದ್ದೆ, ಜೋಮು ಹಿಡಿದೈತೆ.”

“ಜೋಮು ಹಿಡದ ಕಾಲು ಹಂಗ ಬೀಳಂಗಿಲ್ರಿ” ಎಂದರು. ಗಂಗಮ್ಮ ನೀರು ತರಲು ಬಾವಿ ಕಡೆ ಹೋಗುವವರೆಗೂ ಸುಮ್ಮನಿದ್ದು, ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆಟ್ಟಿನಿಂದ ಒತ್ತಿದರು. ಕುರಿಯ ಕಾಲು ಮುರಿದರೆ, ಮನುಷ್ಯರ ಕೈ ಉಳುಕಿದರೆ ಆ ಸುತ್ತಿನ ಹಳ್ಳಿಗಳವರು ಕರೆಯುತ್ತಿದ್ದುದು ಅವರನ್ನೇ. ನಾನು ತುಟಿ ಕಚ್ಚಿದೆ.

“ಒಳಗ ನರ ಹರದೈತ್ರಿ. ಒಂದು ಎಳಿ ಹಿಡಕೊಂಡೈತಿ ಅಷ್ಟ. ಮೂರು ವಾರ ಕಾಲು ನೆಲಕ್ಕ ಊರಬ್ಯಾಡ್ರಿ. ಆ ಎಳಿನೂ ಹೋತಂದ್ರ ಜಲ್ಮ ಪೂರ್ತಿ ಕೋಲು ಹಿಡೀಬೇಕು.”

“ನಾಡಿದ್ದು ಆಟ ಐತೆ ಮಾವ.”

ಅವರು ನನ್ನ ಮುಖ ನೋಡಿದರು. ನಾನು ಮೊದಲಿಯಾರರ ಕಾರ್ಡು, ಬಳ್ಳಾರಿಯ ಹುಡುಗ, ಹತ್ತಿ ಕೋಣೆ, ಸತ್ತ ಗೋಲ್‌ಕೀಪರ್, ಎಲ್ಲವನ್ನೂ ಹೇಳಿಬಿಟ್ಟೆ. ಹೆಂಡತಿಗೂ ಹೇಳದ್ದನ್ನು ಆ ಮನುಷ್ಯನಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಕೇಳಿ ಮುಗಿಸಿ ಅವರು ಮಂದೆಯತ್ತ ಕೋಲು ತೋರಿಸಿದರು.

“ಅಲ್ಲಿ ನೋಡ್ರಿ. ಕುಂಟೋ ಕುರಿ ಯಾವಾಗ್ಲೂ ಹಿಂಡಿನ ನಟ್ಟನಡುವ ನುಗ್ಗತೈತಿ. ಅಂಚಿಗೆ ಇದ್ರ ತೋಳಕ್ಕ ಕಾಣತೈತಲ್ಲ. ನೀವೂ ನಡುವ ಆಡೋರಂತ?”

“ಹೂಂ ಮಾವ.”

“ಆತು ಬಿಡ್ರಿ. ನನ್ನ ಬಾಯಿಂದ ಯಾರಿಗೂ ಗೊತ್ತಾಗಂಗಿಲ್ಲ. ನನ್ನ ಮಗಳಿಗೂ ಹೇಳಂಗಿಲ್ಲ” ಎಂದು ನನ್ನ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟರು.

ಕೋಳಿ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಬಳಿದು ಮೊಣಕಾಲಿಗೆ ಬಿಗಿಯಾಗಿ ಕಟ್ಟಿದರು. ಒಣಗಿದ ಮೇಲೆ ಅದು ಹಲಗೆಯ ಹಾಗೆ ಗಟ್ಟಿಯಾಯಿತು. ನಾನು ಎರಡು ದಿನ ಕಂಬಳಿಯ ಮೇಲೆ ಕೂತಿರಬೇಕಾಯಿತು. ಕೂತಿದ್ದೆ ಎಂದರೆ ಸುಳ್ಳಾದೀತು. ಹತ್ತು ನಿಮಿಷಕ್ಕೊಮ್ಮೆ ಏಳುವುದು, ಹೊಲದ ಬದುವಿನವರೆಗೆ ಹೋಗಿ ರಾಯದುರ್ಗದ ಬೆಟ್ಟ ನೋಡುವುದು, ಬರುವುದು. ಮಾವ ಬೈಯುತ್ತಿರಲಿಲ್ಲ. ಬೇರೆ ದಾರಿ ಕಂಡುಕೊಂಡಿದ್ದರು. ಆಟದ ವಿಷಯ ಕೇಳಿ ಕೇಳಿ ನನ್ನನ್ನು ಕೂರಿಸುತ್ತಿದ್ದರು. ಫುಟ್‌ಬಾಲ್ ಎಂಬುದನ್ನು ಅವರು ಹುಟ್ಟಿದಂದಿನಿಂದ ನೋಡಿರಲಿಲ್ಲ.

“ಇಪ್ಪತ್ತೆರಡು ಮಂದಿ ಒಂದ ಸಮ ಓಡತಾರಂತೀರಿ. ಅವರ್ನ ನಿಲ್ಸೋದು ಹೆಂಗ್ರಿ?”

“ರೆಫರಿ ಸೀಟಿ ಊದ್ತಾನೆ ಮಾವ. ಊದಿದ್ರೆ ಮುಗೀತು. ಕಲೆಕ್ಟರ್ ಸಾಹೇಬ್ರೇ ಆಡ್ತಿದ್ರೂ ನಿಂತ್ಕಬೇಕು.”

“ಹಂಗಾರ ನಮ್ಮ ಕುರಿ ಇದ್ದಂಗ ಬಿಡ್ರಿ” ಎಂದು ನಕ್ಕರು. ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕಿದರು. ಹೊಲದ ತುಂಬ ಚದುರಿ ಮೇಯುತ್ತಿದ್ದ ಕುರಿಗಳು ಒಮ್ಮೆಗೇ ತಲೆಯೆತ್ತಿ ನಿಂತವು. ಕುಂಟುವ ಕುರಿ ಹಳ್ಳದ ಕಡೆ ಹೋದಾಗ ಹಾಕುವ ಸಿಳ್ಳೆ ಅದು ಎಂದು ಗಂಗಮ್ಮ ಹೇಳಿದಳು. ಚಿಕ್ಕವಳಾಗಿದ್ದಾಗ ಅವಳೂ ಅದನ್ನು ಕಲಿಯಲು ನೋಡಿ ಆಗಿರಲಿಲ್ಲವಂತೆ.

ಆಟದ ದಿನ ಬಂತು. ಬೆಟ್ಟದ ಬುಡದಲ್ಲಿ ಕಲ್ಲು ಆಯ್ದು ಮಾಡಿದ ಮೈದಾನ. ಒಂದು ಕಡೆ ಶಾಮಿಯಾನ, ಮೂರು ಕಡೆ ಜನವೋ ಜನ. ರಾಯದುರ್ಗದ ತಂಡದ ಕ್ಯಾಪ್ಟನ್ ಸ್ಕೂಲಿನ ಡ್ರಿಲ್ ಮೇಷ್ಟ್ರು, ದೊಡ್ಡ ದನಿಯ ಮನುಷ್ಯ. ನನ್ನ ಕೈ ಹಿಡಿದು ಕುಲುಕಿ, “ನೀವು ನಡುವ ನಿಂತ್ರ ಸಾಕ್ರಿ, ಶೀಲ್ಡು ನಮ್ದ” ಎಂದರು. ಬಾಯಿ ತುಂಬ ನಕ್ಕೆ.

ಶಾಮಿಯಾನದಲ್ಲಿ ಮೊದಲಿಯಾರರು ಬಿಳಿ ಪ್ಯಾಂಟು ಹಾಕಿ ಕೂತಿದ್ದರು. ಹೋಗಿ ನಮಸ್ಕಾರ ಮಾಡಿದೆ.

“ಏನಪ್ಪಾ ಹನುಮಂತಪ್ಪ, ಕಾಲು ಹೇಗಿದೆ?” ಎಂದರು. ಗೊತ್ತಾಗಿಬಿಟ್ಟಿತು ಎಂದುಕೊಂಡೆ. ಆಟಗಾರರನ್ನು ಅವರು ಮಾತನಾಡಿಸುವ ರೀತಿಯೇ ಅದು ಎಂದು ನೆನಪಾಗಲು ಒಂದು ಕ್ಷಣ ಬೇಕಾಯಿತು.

“ಚೆನ್ನಾಗಿದೆ ಸಾರ್.”

“ಅಗೋ, ಅವನೇ ಆ ಹುಡುಗ. ಮಿಲಿಟರಿ ಬೂಟು ಹಾಕಿದಾನಲ್ಲ. ಅವನ ಮೇಲೆ ಕಣ್ಣಿಟ್ಟಿರು. ಹೇಗೆ ಆಡ್ತಾನೆ ಅಂತ ಆಟ ಮುಗಿದ ಮೇಲೆ ನೀನೇ ನನಗೆ ಹೇಳಬೇಕು.”

ನನ್ನ ಅನ್ನ ಕಿತ್ತುಕೊಳ್ಳಲು ಬಂದವನಿಗೆ ನಾನೇ ಮಾರ್ಕು ಹಾಕಬೇಕಂತೆ. ಸಿಟ್ಟು ನೆತ್ತಿಗೇರಿತು. ಮೈದಾನದ ಪಕ್ಕದ ಸ್ಕೂಲಿನ ಕೋಣೆಯ ಹಿಂದೆ ಹೋಗಿ ಮಾವ ಕಟ್ಟಿದ್ದ ಕಟ್ಟನ್ನು ಹರಿದು ಬಿಚ್ಚಿದೆ. ಅದಿದ್ದರೆ ಕಾಲು ಮಡಿಯುತ್ತಿರಲಿಲ್ಲ, ಮೊದಲಿಯಾರರ ಕಣ್ಣಿಗೂ ಬೀಳುತ್ತಿತ್ತು. ಬಿಚ್ಚಿದ್ದನ್ನು ಒಂದು ಕಲ್ಲಿನ ಸಂದಿಗೆ ತುರುಕಿ ತಲೆಯೆತ್ತಿದರೆ ಮಾವ ಮೋಟುಗೋಡೆಯ ಆಚೆ ನಿಂತಿದ್ದರು. ಕಂಬಳಿ ಹೆಗಲ ಮೇಲೆ, ಕೋಲು ಕೈಯಲ್ಲಿ. ಬಿಚ್ಚಬೇಡಿ ಎಂದು ಮೂರು ಸಲ ಹೇಳಿ ಕಳಿಸಿದ್ದರು. ನಾನು ಮುಖ ತಿರುಗಿಸಿಕೊಂಡು ಮೈದಾನಕ್ಕೆ ಹೋದೆ.

ಆ ದಿನ ನಾನು ಓಡಲೇ ಇಲ್ಲ ಎನ್ನಬಹುದು. ಹದಿನೈದು ವರ್ಷ ನಡುವೆ ನಿಂತವನಿಗೆ ಚೆಂಡು ಎಲ್ಲಿ ಬಂದು ಬೀಳುತ್ತದೆ ಎಂಬ ಅಂದಾಜು ಸಿಕ್ಕಿರುತ್ತದೆ. ಅಲ್ಲಿಗೆ ಮೊದಲೇ ನಡೆದುಹೋಗಿ ನಿಲ್ಲುತ್ತಿದ್ದೆ. ಎಡಗಾಲಿನಿಂದ ಕೊಡುತ್ತಿದ್ದೆ. ಬಾಯಿಯಂತೂ ಬಿಡುವಿಲ್ಲದೆ ಕೂಗುತ್ತಿತ್ತು. ಡ್ರಿಲ್ ಮೇಷ್ಟ್ರು ನಾನು ಹೇಳಿದ ಕಡೆ ಓಡುತ್ತಿದ್ದರು. ನಾವು ಒಂದು ಗೋಲು ಹೊಡೆದೆವು, ಅವರೂ ಒಂದು ಹೊಡೆದರು. ಆ ಬೂಟಿನ ಹುಡುಗ ಮಾತ್ರ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದ. ಎಲ್ಲಿ ನೋಡಿದರೂ ಅವನೇ. ನಾನು ಚೆಂಡು ನೋಡುವುದಕ್ಕಿಂತ ಹೆಚ್ಚು ಸಲ ಶಾಮಿಯಾನದ ಕಡೆ ನೋಡುತ್ತಿದ್ದೆ. ಮೊದಲಿಯಾರರು ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಬೆಟ್ಟದ ನೆರಳು ಅರ್ಧ ಮೈದಾನಕ್ಕೆ ಬಂದಿತ್ತು. ಆಟ ಮುಗಿಯಲು ಐದಾರು ನಿಮಿಷ. ಯಾರದೋ ತಲೆಗೆ ತಗುಲಿದ ಚೆಂಡು ನಡುಮೈದಾನದಲ್ಲಿ ಪುಟಿಯುತ್ತ ಬಿತ್ತು. ಒಂದು ಕಡೆಯಿಂದ ನಾನು, ಎದುರಿನಿಂದ ಅವನು. ಇಂಥ ಚೆಂಡನ್ನು ಪಡೆಯಬೇಕಾದರೆ ಬಲಗಾಲನ್ನು ಅಡ್ಡ ಊರಿ ಪೂರ್ತಿ ಭಾರ ಬಿಟ್ಟು ನಿಲ್ಲಬೇಕು, ಬೇರೆ ದಾರಿಯಿಲ್ಲ. ಹಿಂದೆ ಸರಿದರೆ ಮೊದಲಿಯಾರರು ನೋಡುತ್ತಾರೆ. ನಾನು ಆ ಸಂಜೆ ಮೊದಲ ಸಲ ಓಡಿದೆ. ಕಾಲು ಎತ್ತಿದೆ. ಆ ಬೂಟು ಎರಡು ಮಾರು ದೂರದಲ್ಲಿತ್ತು.

ಸಿಳ್ಳೆ ಕೇಳಿಸಿತು.

ಅದು ಕಿವಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ನಿಂತಿತು. ಬೂಟಿನ ಹುಡುಗನೂ ನಿಂತ. ಇಪ್ಪತ್ತೆರಡು ಜನವೂ ನಿಂತರು. ಚೆಂಡು ನಮ್ಮಿಬ್ಬರ ನಡುವೆ ಉರುಳಿ ಉರುಳಿ ಸುಮ್ಮನಾಯಿತು. ಎಲ್ಲರೂ ರೆಫರಿಯ ಕಡೆ ನೋಡಿದರು. ಗುಂತಕಲ್ಲಿನ ರೈಲ್ವೆ ಗಾರ್ಡ್ ಒಬ್ಬರು ರೆಫರಿಯಾಗಿದ್ದರು. ಅವರ ಸೀಟಿ ಕೈಯಲ್ಲೇ ಇತ್ತು, ಅವರೂ ಎಲ್ಲರ ಹಾಗೆ ಸುತ್ತ ನೋಡುತ್ತಿದ್ದರು.

“ಯಾರು ಸೀಟಿ ಊದಿದ್ದು?” ಎಂದು ರೆಫರಿ ಕೂಗಿದರು.

ಜನ ಸರಿದು ದಾರಿ ಬಿಟ್ಟರು. ಮಾವ ಒಬ್ಬರೇ ಮೋಟುಗೋಡೆಯ ಪಕ್ಕ ನಿಂತಿದ್ದರು. ಎರಡು ಬೆರಳು ಇನ್ನೂ ತುಟಿಯ ಹತ್ತಿರವೇ ಇದ್ದವು.

“ನಾನ್ರಿ” ಎಂದರು.

ಡ್ರಿಲ್ ಮೇಷ್ಟ್ರು ಅವರ ಮೇಲೆ ಎಗರಿಹೋದರು. “ಯಾಕ ಊದಿದಿ? ಯಾರ ಕಡಿಯಾವ ನೀನು? ಬಳ್ಳಾರಿಯವ್ರು ಹೇಳಿಕೊಟ್ರೇನು?”

ಈ ಅಳಿಯನ ಕಾಲು ಹೋಗುತ್ತಿತ್ತು, ಅದಕ್ಕೆ ಊದಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರ ಮೇಲಿನ ಆಪಾದನೆ ಅಲ್ಲಿಗೇ ಮುಗಿಯುತ್ತಿತ್ತು, ನನ್ನ ಕೆಲಸವೂ ಮುಗಿಯುತ್ತಿತ್ತು. ಮೊದಲಿಯಾರರು ಶಾಮಿಯಾನದಿಂದ ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಯಾರ ಕಡಿಯಾವನೂ ಅಲ್ರೀ ಸಾಮಿ, ಕುರಿ ಕಾಯಾವ. ತಪ್ಪಾತ್ರಿ. ಎಲ್ಲಾರೂ ಒಮ್ಮಿಗೇ ಓಡಿದ್ದು ನೋಡಿ ಕುರಿ ಚದರಿದ್ವು ಅನ್ಕೊಂಡ್ಬಿಟ್ಟೆ.”

ಮೈದಾನಕ್ಕೆ ಮೈದಾನವೇ ನಕ್ಕಿತು. ‘ಮಾವಾಳ್ಳು ಗೊರ್ರೆಲಾ ರಾ?’ ಎಂದು ಯಾರೋ ತೆಲುಗಿನಲ್ಲಿ ಕೂಗಿದರು, ನಮ್ಮವರೇನು ಕುರಿಗಳೇನೋ ಎಂದು. ಇನ್ನಾರೋ ಮೇ ಮೇ ಎಂದರು. ಮೇಷ್ಟ್ರು ಅವರ ಕಂಬಳಿ ಹಿಡಿದು ಎಳೆದು ಆಚೆ ದಬ್ಬಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ಕ್ಷಣ ತೂರಾಡಿ ಕೋಲು ಊರಿಕೊಂಡರು. ನಾನು ಅಲ್ಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ನನ್ನ ಕಾಲು ಅಲುಗಲಿಲ್ಲ. ಈ ಸಲ ಅದನ್ನು ಯಾವ ಸಿಳ್ಳೆಯೂ ನಿಲ್ಲಿಸಿರಲಿಲ್ಲ.

ರೆಫರಿ ಚೆಂಡನ್ನು ಮತ್ತೆ ನೆಲಕ್ಕೆ ಬಿಟ್ಟು ಆಟ ಶುರು ಮಾಡಿಸಿದರು. ನನ್ನ ಎದುರಿಗೇ ಬಿಟ್ಟರು. ಆದರೆ ನನ್ನ ಕಣ್ಣು ಗೋಡೆಯಾಚೆ ನಡೆದುಹೋಗುತ್ತಿದ್ದ ಕಂಬಳಿಯ ಮೇಲಿತ್ತು. ಬೂಟಿನ ಹುಡುಗ ಚೆಂಡು ಎತ್ತಿಕೊಂಡು ಹೋದ. ಗೋಲು ಆಯಿತು. ರಾಯದುರ್ಗ ಸೋತಿತು.

ಜನರೆಲ್ಲ ಸೋಲನ್ನು ಆ ಸಿಳ್ಳೆಯ ತಲೆಗೇ ಕಟ್ಟಿದರು. ಹನುಮಂತಪ್ಪ ಚೆಂಡಿನ ಮೇಲೆ ಹೋಗಿಯೇಬಿಟ್ಟಿದ್ದ, ಆ ಮುದುಕ ಊದದಿದ್ದರೆ ಶೀಲ್ಡು ನಮ್ಮದಾಗುತ್ತಿತ್ತು ಎಂದರು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂದಿತ್ತು. ಮೊದಲಿಯಾರರು ನನ್ನ ಬೆನ್ನು ತಟ್ಟಿದರು.

“ಓಡದೇನೇ ಆಡಿದೆಯಲ್ಲಯ್ಯ! ಆ ಹುಡುಗ ಪರವಾಗಿಲ್ಲ, ಇನ್ನೂ ಹಸಿ. ಒಂದೆರಡು ವರ್ಷ ಬೇಕು. ರಜೆ ಮುಗಿಸಿಕೊಂಡು ಬಂದು ಸೇರಿಕೋ.” ಆಮೇಲೆ ಏನೋ ನೆನಪಾದವರಂತೆ ಕೇಳಿದರು: “ಅಂದಹಾಗೆ ಆ ಕುರಿಯವನು ಯಾರಯ್ಯ? ನಿನಗೆ ಗೊತ್ತೇನು?”

“ಗೊತ್ತಿಲ್ಲ ಸಾರ್” ಎಂದೆ.

ಯಾರೂ ನನ್ನ ಕತ್ತು ಹಿಡಿದು ಹೇಳಿಸಿದ ಮಾತಲ್ಲ ಅದು. ಕೆಲಸ ಉಳಿಯಿತು ಎಂದು ಅವರು ಆಗಲೇ ಹೇಳಿಯಾಗಿತ್ತು. ಆದರೂ ಹೇಳಿದೆ.

ಹೊಲಕ್ಕೆ ಹೋಗುವ ಒಂದು ಮೈಲಿಯಲ್ಲಿ ಎಷ್ಟು ಸಲ ನಿಂತೆನೋ. ಹೋಗದೆ ಹಾಗೇ ಸ್ಟೇಷನ್ನಿಗೆ ಹೋಗಿ ಯಾವುದಾದರೂ ರೈಲು ಹತ್ತಿಬಿಡೋಣ ಎನ್ನಿಸಿತು. ಸುದ್ದಿ ನನಗಿಂತ ಮೊದಲೇ ಹೋಗಿ ಮುಟ್ಟಿತ್ತು. ಗಂಗಮ್ಮ ಅಪ್ಪನ ಮೇಲೆ ಕೂಗಾಡುತ್ತಿದ್ದಳು.

“ಊರ ಮುಂದ ಮಾನ ಕಳದ್ಯಲ್ಲಪ್ಪ! ನಿನಗ ಯಾಕ ಬೇಕಿತ್ತು ಆಟ ನೋಡಾದು? ಅವ್ರ ಕೆಲಸ ಹೋದ್ರ ಏನ್ ಮಾಡ್ತಿ?”

ಮಾವ ಒಲೆಯ ಮುಂದೆ ಕೂತು ಹಿಟ್ಟು ಕಲಸುತ್ತಿದ್ದರು. ನನ್ನನ್ನು ಕಂಡು, “ಕಾಲು ಚಾಚ್ರಿ” ಎಂದರು. ಪಕ್ಕದಲ್ಲಿ ನಾನು ಕಲ್ಲಿನ ಸಂದಿಗೆ ತುರುಕಿದ್ದ ಬಟ್ಟೆ ತೊಳೆದು ಹಿಂಡಿ ಇಟ್ಟಿದ್ದರು. ಅಷ್ಟು ಜನ ಬೈದು ದಬ್ಬಿದ ಮೇಲೂ ಹಿಂದಿನಿಂದ ಸುತ್ತಿ ಹೋಗಿ ಅದನ್ನು ಹುಡುಕಿ ತಂದಿದ್ದರು.

ಗಂಗಮ್ಮ ಕೊಡ ಎತ್ತಿಕೊಂಡು ಸಿಡಿಮಿಡಿಗುಟ್ಟುತ್ತ ಬಾವಿಗೆ ಹೋದಳು. ಆಗ ಮಾವ ತಗ್ಗಿದ ದನಿಯಲ್ಲಿ ಕೇಳಿದರು.

“ಕೆಲಸ ಉಳೀತೇನ್ರಿ?”

ತಲೆಯಾಡಿಸಿದೆ.

“ಹಂಗಾರ ಆತು” ಎಂದು ಕಟ್ಟು ಬಿಗಿಯತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ. ಮಕ್ಕಳ ಹಾಗೆ ಅತ್ತೆ. ಕಾಲು ನೋಯುತ್ತಿದೆ ಎಂದುಕೊಂಡವರ ಹಾಗೆ ಅವರು ಕೈಯನ್ನು ಸ್ವಲ್ಪ ಸಡಿಲ ಮಾಡಿದರು.

“ಮಾವ, ಆ ಸಿಳ್ಳೆ ತಾನಾಗೇ ಬಂತೋ, ಬೇಕಂತ ಹಾಕಿದ್ರೋ?” ಎಂದು ಕೇಳಿದೆ. ಸೀಟಿ ಊದಿದರೆ ಎಲ್ಲರೂ ನಿಲ್ಲುತ್ತಾರೆ ಎಂದು ಅವರಿಗೆ ಹೇಳಿಕೊಟ್ಟವನು ನಾನೇ ಅಲ್ಲವೇ? ಅವರು ಕಟ್ಟಿನ ಗಂಟು ಹಾಕಿದರು. ಮಲಗಿದ್ದ ನಾಯಿಯ ಕಿವಿ ಕೆರೆಯುತ್ತ ಕುರಿಗಳ ಕಡೆ ನೋಡಿದರು.

ಮೂರು ವಾರ ಅವರ ಕಂಬಳಿಯ ಮೇಲೆಯೇ ಕಾಲು ಚಾಚಿಕೊಂಡು ಬಿದ್ದಿದ್ದೆ. ಮಂದೆ ಬೇರೆ ಹೊಲಕ್ಕೆ ಹೋದಾಗ ನನ್ನನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೋದರು. ಮಿಲ್ಲಿಗೆ ಹೋಗಿ ಇನ್ನೆರಡು ಸೀಸನ್ ಆಡಿದೆ. ಆಮೇಲೆ ಆ ಬಳ್ಳಾರಿಯ ಹುಡುಗನೇ ನನ್ನ ಜಾಗಕ್ಕೆ ಬಂದ, ಅವನಿಗೆ ಆಟ ಕಲಿಸುವ ಕೆಲಸ ನನಗೆ ಸಿಕ್ಕಿತು. ರಿಟೈರ್ ಆಗುವವರೆಗೂ ಹತ್ತಿ ಕೋಣೆಯ ಬಾಗಿಲು ತುಳಿಯಲಿಲ್ಲ. ಈ ವಯಸ್ಸಿನಲ್ಲೂ ಕೋಲಿಲ್ಲದೆ ನಡೆಯುತ್ತೇನೆ.

ಮಾವನಿಗೆ ಮಾತ್ರ ಒಂದು ಹೆಸರು ಅಂಟಿಕೊಂಡಿತು. ರಾಯದುರ್ಗದ ಸಂತೆಗೆ ಕುರಿ ಹೊಡೆದುಕೊಂಡು ಬಂದರೆ, ‘ಸಿಳ್ಳೆ ಮಲ್ಲಪ್ಪ ಬಂದ’ ಎನ್ನುತ್ತಿದ್ದರು. ನನ್ನ ಮಾವನೆಂದು ತಿಳಿದ ಮೇಲಂತೂ, ಅಳಿಯನ ಆಟ ಕೆಡಿಸಿದ ಮಾವ ಎಂದು ನಗುವುದು ಇನ್ನೂ ಹೆಚ್ಚಾಯಿತು. ಅಂಗಡಿಯವರು ಕೂಡ ಎದುರಿಗೇ ಹಾಗೆ ಕರೆಯುತ್ತಿದ್ದರು. ಒಂದು ಸಲ ಅವರ ಜೊತೆ ಸಂತೆಗೆ ಹೋದಾಗ ನನಗೆ ತಡೆಯಲಾಗದೆ, ಇವತ್ತು ಎಲ್ಲರಿಗೂ ಹೇಳಿಬಿಡುತ್ತೇನೆ ಮಾವ ಎಂದೆ.

“ಬ್ಯಾಡ್ರಿ” ಎಂದರು. “ಮಿಲ್ಲಿನ ಮಂದಿಗೆ ಮುಟ್ಟೀತು. ಹೆಸರಿನಾಗ ಏನೈತ್ರಿ, ಕರದಾಗ ಓ ಅಂದ್ರ ಆತು.”

ನನಗೂ ಅಷ್ಟೇ ಬೇಕಾಗಿತ್ತು ಎಂದು ಕಾಣುತ್ತದೆ, ಸುಮ್ಮನಾದೆ. ಅವರು ತೀರಿಕೊಂಡ ದಿನ ಮಣ್ಣಿಗೆ ಬಂದಿದ್ದ ರಾಯದುರ್ಗದ ಮುದುಕನೊಬ್ಬ ಪ್ರೀತಿಯಿಂದಲೇ ಆ ಹೆಸರು ಹಿಡಿದು ಸಿಳ್ಳೆಯ ಕತೆ ಹೇಳಿದ. ನಾಲ್ಕು ಜನ ನಕ್ಕರು. ನಾನು ಆಗಲೂ ತಲೆ ತಗ್ಗಿಸಿಕೊಂಡು ನಿಂತಿದ್ದೆ.

ಗಂಗಮ್ಮನಿಗೆ ನಿಜ ಹೇಳಿದ್ದು ಹೋದ ತಿಂಗಳು. ಹೊಲದಲ್ಲಿ ಅಪ್ಪನನ್ನು ಬೈದದ್ದು ಅವಳಿಗೆ ಅಕ್ಷರಕ್ಕಕ್ಷರ ನೆನಪಿತ್ತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು, ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಎಂಟನೆಯ ದಿನ ಬಂದು ಎದುರಿಗೆ ನಿಂತಳು. “ನನಗ ಹೇಳಿದ್ರ ಏನಾತ್ರಿ? ನಕ್ಕವರು ರಾಯದುರ್ಗದವರು. ಅವ್ರಿಗೆ ಹೇಳ್ರಿ.”

ಅದಕ್ಕೇ ಬರೆಯುತ್ತಿದ್ದೇನೆ. ಡ್ರಿಲ್ ಮೇಷ್ಟ್ರು ಇಲ್ಲ, ಮೊದಲಿಯಾರರೂ ಇಲ್ಲ. ಆದರೆ ಅಂದು ಆ ಗೋಡೆಯ ಸುತ್ತ ನಿಂತು ನಕ್ಕವರ ಮಕ್ಕಳು ಮೊಮ್ಮಕ್ಕಳು ಇರಬಹುದು, ಅವರ ಮನೆಯಲ್ಲಿ ಆ ಕತೆ ಇನ್ನೂ ನಡೆಯುತ್ತಿರಬಹುದು. ಅವರು ಇದನ್ನು ಓದಲಿ. ಆ ಮುದುಕ ಯಾರ ಕಡೆಯವನು ಎಂದು ಮೇಷ್ಟ್ರು ಕೇಳಿದ್ದರು, ಯಾರೆಂದು ಮೊದಲಿಯಾರರು ಕೇಳಿದ್ದರು. ಅವರು ನನ್ನ ಕಡೆಯವರು. ನಾನು ಸಿಳ್ಳೆ ಮಲ್ಲಪ್ಪನ ಅಳಿಯ.